ಗೂಡುಗಳ ಲೆಕ್ಕ



ಇತಿಹಾಸವೆಂದರೆ ರಾಜರ ಕಥೆ, ಯುದ್ಧಗಳ ಇಸವಿ ಎಂದು ನನ್ನ ತರಗತಿಯಲ್ಲಿ ಕುಳಿತು ಬೇಸರಪಟ್ಟವರಿಗೆ ಇಂದಿನ ಬರಹ ವಿಚಿತ್ರವೆನಿಸಬಹುದು. ಒಂದು ಉದ್ದನೆಯ ಪಟ್ಟಿಯ ಸಾಲುಗಳನ್ನು, ಪ್ರತಿ ಸಾಲಿನಲ್ಲಿಯೂ ಇರುವ ಯಾವುದಾದರೊಂದು ಪದವನ್ನು ಹಿಡಿದು, ಗುಂಪು ಗುಂಪಾಗಿ ವಿಂಗಡಿಸುವ ಕೆಲಸಕ್ಕೂ ಒಂದು ಇತಿಹಾಸವಿದೆ. ಆ ಪದವನ್ನು ಕಂಪ್ಯೂಟರಿನವರು ಕೀ ಎನ್ನುತ್ತಾರೆ. ನಾನು ಕೀಲಿಪದ ಎಂದು ಕರೆಯುತ್ತೇನೆ. ಈ ವಿಷಯ ನನ್ನ ತಲೆಗೆ ಹೊಕ್ಕಿದ್ದು ನನ್ನ ಮೊಮ್ಮಗಳಿಂದ. ಮನಸ್ಸಿಗೆ ಚುಚ್ಚಿದ್ದು ಮಾತ್ರ ನನ್ನದೇ ಹಳೆಯ ನೋಟ್ ಪುಸ್ತಕಗಳಿಂದ.

ನಿಮ್ಮಲ್ಲಿ ಹಲವರಿಗೆ ಗೊತ್ತಿರುವಂತೆ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟ ತಾಲ್ಲೂಕುಗಳ ಶಾಲೆಗಳಲ್ಲಿ ಸೇವೆ ಸಲ್ಲಿಸಿ, ನಿವೃತ್ತಿಯ ನಂತರ ಚಿಕ್ಕಬಳ್ಳಾಪುರದಲ್ಲಿ ನೆಲೆಸಿದವನು ನಾನು. ಪ್ರತಿ ವರ್ಷ ಜೂನ್ ತಿಂಗಳಲ್ಲಿ ಹೊಸದಾಗಿ ಸೇರಿದ ಮಕ್ಕಳ ಹೆಸರು, ಊರು, ತರಗತಿಗಳನ್ನು ನನ್ನ ಸ್ವಂತ ನೋಟ್ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುವುದು ನನ್ನ ಅಭ್ಯಾಸವಾಗಿತ್ತು. ಶಾಲೆ ಬಿಟ್ಟವರ ಮುಂದೆ ಬಿಟ್ಟ ತಿಂಗಳು ಮತ್ತು ಕಾರಣವನ್ನೂ ಗುರುತು ಹಾಕುತ್ತಿದ್ದೆ. ಇದನ್ನು ಯಾರೂ ಕೇಳಿರಲಿಲ್ಲ. ಶಾಲೆಯ ಅಡ್ಮಿಷನ್ ರಿಜಿಸ್ಟರು ಬೇರೆ ಇದ್ದೇ ಇತ್ತು. ಆದರೂ ಬರೆಯುತ್ತಿದ್ದೆ. ನಿವೃತ್ತಿಯ ನಂತರ ಈ ಪುಸ್ತಕಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಲು ಕುಳಿತೆ. ಒಂದು ಮಗುವಿಗೆ ಒಂದು ಸಾಲು. ತಾಲ್ಲೂಕು, ಶಾಲೆ, ಹೆಸರು, ಹೆಣ್ಣೋ ಗಂಡೋ, ಊರು, ಸೇರಿದ ವರ್ಷ, ಬಿಟ್ಟ ತಿಂಗಳು, ಕಾರಣ. ನಡುನಡುವೆ ಒಂದೊಂದು ನಿಲುಗೆರೆ. ಕೆಲವು ವರ್ಷಗಳೇ ಹಿಡಿದವು. ಮನೆಯಲ್ಲಿ ಇದಕ್ಕೆ "ತಾತನ ರಾಮಕೋಟಿ" ಎಂಬ ಹೆಸರು ಬಿದ್ದಿತ್ತು.

ಹಾಗೆ ಬರೆದ ಪಟ್ಟಿಯಿಂದ ಪ್ರಯೋಜನವೇನು? ಸಾಲುಗಳೆಲ್ಲ ವರ್ಷಾನುಕ್ರಮದಲ್ಲಿದ್ದವು. ಒಂದೂರಿನ ಮಕ್ಕಳೆಷ್ಟು ಎಂದು ನೋಡಬೇಕಾದರೆ ಮೊದಲಿನಿಂದ ಕೊನೆಯವರೆಗೆ ಕಣ್ಣಾಡಿಸಬೇಕು. ಈ ತೊಡಕು ನನಗಿಂತ ದೊಡ್ಡವರಿಗೆ, ನನಗಿಂತ ಎಷ್ಟೋ ಮೊದಲೇ ಎದುರಾಗಿತ್ತು. ಅವರಲ್ಲಿ ಒಬ್ಬರನ್ನು ಇಲ್ಲಿ ಅವಶ್ಯವಾಗಿ ಸ್ಮರಿಸಬೇಕು.

ಬೆಂಜಮಿನ್ ಲೂಯಿಸ್ ರೈಸ್ ಅವರು 1837ರಲ್ಲಿ ಬೆಂಗಳೂರಿನಲ್ಲಿಯೇ ಹುಟ್ಟಿದವರು. ಮೊದಲು ಶಾಲೆಯ ಮುಖ್ಯೋಪಾಧ್ಯಾಯರು, ಆಮೇಲೆ ಶಾಲೆಗಳ ತಪಾಸಣಾಧಿಕಾರಿ. ಆ ಕೆಲಸಕ್ಕಾಗಿ ಹಳ್ಳಿ ಹಳ್ಳಿ ತಿರುಗುವಾಗಲೇ ಅವರ ಕಣ್ಣು ಕಲ್ಲುಗಳ ಮೇಲಿನ ಬರಹಗಳ ಕಡೆ ಹೊರಳಿತು. (ನಮ್ಮ ಕಾಲದ ತಪಾಸಣಾಧಿಕಾರಿಗಳ ಕಣ್ಣು ಯಾವ ಕಡೆ ಹೊರಳುತ್ತಿತ್ತೆಂಬುದನ್ನು ಬರೆಯದಿರುವುದೇ ಮೇಲು.) 1886ರಿಂದ 1905ರವರೆಗೆ ಅವರು ಹನ್ನೆರಡು ಸಂಪುಟಗಳಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ಸುಮಾರು 9,000 ಶಾಸನಗಳಿವೆ. ಹತ್ತನೆಯ ಸಂಪುಟ ನಮ್ಮದು, ಅಂದಿನ ಅವಿಭಜಿತ ಕೋಲಾರ ಜಿಲ್ಲೆಯದು, 1905ರಲ್ಲಿ ಅಚ್ಚಾಯಿತು.

ಆ ಸಂಪುಟದ ಜೋಡಣೆಯನ್ನು ಗಮನಿಸಿ. ಶಾಸನಗಳನ್ನು ರಾಜವಂಶದ ಪ್ರಕಾರವಾಗಲಿ ಕಾಲದ ಪ್ರಕಾರವಾಗಲಿ ಅಚ್ಚು ಹಾಕಿಲ್ಲ. ತಾಲ್ಲೂಕಿನ ಪ್ರಕಾರ ಹಾಕಿದ್ದಾರೆ. ಚಿಕ್ಕಬಳ್ಳಾಪುರಕ್ಕೆ ಒಂದು ಸರಣಿ ಸಂಖ್ಯೆ, ಗೌರಿಬಿದನೂರಿಗೆ ಒಂದು, ಶಿಡ್ಲಘಟ್ಟಕ್ಕೆ ಒಂದು, ಚಿಂತಾಮಣಿಗೆ ಒಂದು. ತಾಲ್ಲೂಕಿನ ಹೆಸರಿನ ಎರಡಕ್ಷರ ಮತ್ತು ಒಂದು ಸಂಖ್ಯೆ ಹೇಳಿದರೆ ಇಂದಿಗೂ ಯಾವ ವಿದ್ವಾಂಸನಾದರೂ ಅದೇ ಕಲ್ಲಿನ ಬಳಿಗೆ ಹೋಗಿ ನಿಲ್ಲುತ್ತಾನೆ. ಆದರೆ ಊರಿನ ಪ್ರಕಾರ ಕಟ್ಟು ಕಟ್ಟಿದರೆ ಕಾಲದ ಕ್ರಮ ಚದುರುತ್ತದೆ: ಗಂಗರ ಕಾಲದ ವೀರಗಲ್ಲಿನ ಪಕ್ಕದಲ್ಲಿ ವಿಜಯನಗರದ ದಾನಶಾಸನ ಬಂದು ಕೂರುತ್ತದೆ. ಅದಕ್ಕಾಗಿ ಸಂಪುಟದ ಮೊದಲಲ್ಲಿ ಅವೇ ಶಾಸನಗಳನ್ನು ಕಾಲಾನುಕ್ರಮದಲ್ಲಿ ಜೋಡಿಸಿದ ಇನ್ನೊಂದು ಪಟ್ಟಿಯನ್ನು ಕೊಟ್ಟಿದ್ದಾರೆ. ಸಾಲುಗಳು ಅವೇ, ಕೀಲಿಪದ ಮಾತ್ರ ಬೇರೆ. ಮೊದಲ ಜೋಡಣೆ ಹಳ್ಳಿಯವನಿಗೆ "ನಿನ್ನ ಊರಿನಲ್ಲಿ ಏನಿದೆ" ಎಂದು ಹೇಳುತ್ತದೆ. ಎರಡನೆಯದು ಚರಿತ್ರೆಕಾರನಿಗೆ "ಈ ಶತಮಾನದಲ್ಲಿ ಏನಾಯಿತು" ಎಂದು ಹೇಳುತ್ತದೆ. ಒಂದೇ ಪಟ್ಟಿ ಎರಡು ಬೇರೆ ಸತ್ಯಗಳನ್ನು ನುಡಿಯಬಲ್ಲದೆಂಬುದನ್ನು ನಾನು ಮೊದಲು ಕಲಿತದ್ದು ಈ ಸಂಪುಟದಿಂದ.

ಇದೇ ರೈಸ್ ಅವರು 1881ರ ಮೈಸೂರು ಜನಗಣತಿಯ ವರದಿಯನ್ನೂ ಬರೆದವರು. ಮೇಷ್ಟರು, ಶಾಸನ, ಜನಗಣತಿ ಈ ಮೂರಕ್ಕೂ ನಂಟಿರುವುದು ಆಕಸ್ಮಿಕವಲ್ಲವೆಂದು ನನ್ನ ಎಣಿಕೆ.

ಅಂದಿನ ಜನಗಣತಿಯಲ್ಲಿ ಲೆಕ್ಕ ತೆಗೆಯುತ್ತಿದ್ದ ರೀತಿ ಹೀಗೆ. ಮನೆಮನೆಯ ಪಟ್ಟಿಯನ್ನು ಗುಮಾಸ್ತನು ಮುಂದಿಟ್ಟುಕೊಂಡು, ದೊಡ್ಡ ಚೌಕುಳಿ ಹಾಳೆಯ ಮೇಲೆ ಒಬ್ಬೊಬ್ಬರಿಗೆ ಒಂದೊಂದು ಗೀಟು ಹಾಕುತ್ತ ಹೋಗಬೇಕು. ಒಂದು ಗೀಟು ತಪ್ಪಿದರೆ ಎಲ್ಲಿ ತಪ್ಪಿತೆಂದು ಹುಡುಕುವ ಬಗೆಯಿಲ್ಲ. ವಯಸ್ಸಿನ ಪ್ರಕಾರ ಲೆಕ್ಕ ಬೇಕೆಂದರೆ ಮೊದಲಿನಿಂದ ಒಮ್ಮೆ, ಕಸುಬಿನ ಪ್ರಕಾರ ಬೇಕೆಂದರೆ ಇನ್ನೊಮ್ಮೆ. ಈ ಸಂಕಟದಿಂದ ಪಾರಾಗಲು ಬವೇರಿಯಾ ದೇಶದ ಗೇಯಾರ್ಗ್ ಫಾನ್ ಮಾಯರ್ ಎಂಬವರು 1870ರ ದಶಕದಲ್ಲಿ ಒಂದು ಉಪಾಯವನ್ನು ಬಳಕೆಗೆ ತಂದರು: ಒಬ್ಬ ಮನುಷ್ಯನಿಗೆ ಒಂದು ಚೀಟಿ. 1901ರ ಜನಗಣತಿಯಲ್ಲಿ ಈ ಪದ್ಧತಿ ಭಾರತಕ್ಕೆ ಬಂತು. ಆ ಬಾರಿ ಮೈಸೂರು ಸಂಸ್ಥಾನದ ಜನಗಣತಿಯ ಮೇಲ್ವಿಚಾರಕರು ಟಿ. ಆನಂದ ರಾವ್ ಅವರು. ಧರ್ಮಕ್ಕೊಂದು ಬಣ್ಣದ ಚೀಟಿ; ಹೆಣ್ಣು ಗಂಡು, ಮದುವೆಯಾದವರು ಆಗದವರು ಎಂಬುದಕ್ಕೆ ಬೇರೆ ಬೇರೆ ಗುರುತು. ಗುಮಾಸ್ತರು ಗೋಡೆಗೆ ಒರಗಿಸಿದ ಗೂಡುಗಳ ಮುಂದೆ ಕುಳಿತು ಒಂದೊಂದು ಚೀಟಿಯನ್ನೂ ಅದರ ಗೂಡಿಗೆ ಹಾಕುವುದು, ಗೂಡು ತುಂಬಿದ ಮೇಲೆ ಎಣಿಸಿ ಕಟ್ಟು ಕಟ್ಟುವುದು. ಆಮೇಲೆ ಅವೇ ಚೀಟಿಗಳನ್ನು ಕಲಸಿ ಬೇರೊಂದು ಕೀಲಿಪದದ ಮೇಲೆ ಮತ್ತೆ ಹಂಚುವುದು. ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವುದನ್ನು ನೋಡಿದವರಿಗೆ ಇದು ಹೊಸದೇನಲ್ಲ. ಕೋಲಾರ ಜಿಲ್ಲೆಯೊಂದರಲ್ಲಿಯೇ ಅಂದು 7 ಲಕ್ಷ 23 ಸಾವಿರದಷ್ಟು ಜನ. ಅಂದರೆ ಅಷ್ಟೂ ಚೀಟಿಗಳು ಯಾರದೋ ಬೆರಳುಗಳ ನಡುವೆ ಹಾದುಹೋಗಿರಬೇಕು.

ಅದಕ್ಕೆ ಹನ್ನೊಂದು ವರ್ಷ ಮೊದಲೇ, 1890ರಲ್ಲಿ, ಅಮೆರಿಕದಲ್ಲಿ ಹರ್ಮನ್ ಹಾಲರಿತ್ ಎಂಬ ತಂತ್ರಜ್ಞರು ಚೀಟಿಯಲ್ಲಿ ತೂತು ಕೊರೆದು, ವಿದ್ಯುತ್ ಯಂತ್ರದಿಂದ ಎಣಿಸುವ ಏರ್ಪಾಡನ್ನು ಮಾಡಿದ್ದರು. ಅವರ ಸಂಸ್ಥೆಯೇ ಮುಂದೆ ಇತರ ಸಂಸ್ಥೆಗಳೊಡನೆ ಸೇರಿ 1924ರಲ್ಲಿ ಐಬಿಎಂ ಎಂಬ ಹೆಸರು ಪಡೆಯಿತು. ನಮ್ಮಲ್ಲಿ ಬೆರಳುಗಳಿಗೆ ಬರವಿರಲಿಲ್ಲವಾದ್ದರಿಂದ ಚೀಟಿ ಬಹುಕಾಲ ಉಳಿಯಿತು. 1971ರ ಮಾರ್ಚ್ ತಿಂಗಳಲ್ಲಿ, ಕೆಲಸಕ್ಕೆ ಸೇರಿ ಕೆಲವೇ ವರ್ಷಗಳಾಗಿದ್ದ ನಾನು ಗಣತಿದಾರನಾಗಿ ಬಿಸಿಲಿನಲ್ಲಿ ತಿರುಗಿ ತುಂಬಿದ್ದು ಕೂಡ ಒಬ್ಬೊಬ್ಬರಿಗೆ ಒಂದೊಂದು ಚೀಟಿಯನ್ನೇ. 1981ರಲ್ಲಿಯೂ ಅಷ್ಟೆ. ಆ ಚೀಟಿಗಳು ಎಲ್ಲಿಗೆ ಹೋಗುತ್ತವೆ, ಏನಾಗುತ್ತವೆ ಎಂದು ನಮಗಾರಿಗೂ ತಿಳಿದಿರಲಿಲ್ಲ. ಒಂದು ವಾರದ ನಿದ್ದೆ ಬಾಕಿ ಇರುತ್ತಿತ್ತು, ಅಷ್ಟೆ.

ಈಗ ಮೊಮ್ಮಗಳ ವಿಷಯಕ್ಕೆ ಬರುತ್ತೇನೆ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಅವಳು ಹಬ್ಬಕ್ಕೆ ಬಂದಿದ್ದಾಗ, ನಾನು ಪಟ್ಟಿಯನ್ನು ಅಚ್ಚು ಹಾಕಿಸಿ ಕತ್ತರಿಯಿಂದ ಒಂದೊಂದೇ ಸಾಲು ಕತ್ತರಿಸುತ್ತಿದ್ದುದನ್ನು ಕಂಡಳು.

"ತಾತ, ಇದೇನು ಮಾಡ್ತಾ ಇದೀರಾ?"

"ಚೀಟಿ ಮಾಡ್ತಾ ಇದೀನಮ್ಮ. ಊರಿಗೊಂದು ಕಟ್ಟು ಕಟ್ಟಬೇಕು."

"ಕತ್ತರಿ ಇಡಿ ತಾತ. ಇದಕ್ಕೆ ಆರು ಸಾಲು ಸಾಕು."

ಅವಳು ಬರೆದದ್ದು ಆಕ್ ಎಂಬ ಭಾಷೆಯಲ್ಲಿ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1977ರಲ್ಲಿ ಆಹೊ, ವೈನ್‌ಬರ್ಗರ್, ಕರ್ನಿಗನ್ ಎಂಬ ಮೂವರು ಇದನ್ನು ರೂಪಿಸಿದರು. ಅವರ ಮನೆತನದ ಹೆಸರುಗಳ ಮೊದಲಕ್ಷರಗಳೇ ಭಾಷೆಯ ಹೆಸರು. ಸಾಲುಸಾಲಾಗಿರುವ ಬರಹವನ್ನು ಓದಿ ಕೆಲಸ ಮಾಡುವುದಕ್ಕೆಂದೇ ಹುಟ್ಟಿದ ಭಾಷೆಯಿದು. ಇದರಲ್ಲಿರುವ ಗೂಡುಗಳಿಗೆ ಒಂದು, ಎರಡು ಎಂಬ ಸಂಖ್ಯೆಯೇ ಇರಬೇಕೆಂಬ ನಿರ್ಬಂಧವಿಲ್ಲ. ಯಾವ ಪದವನ್ನಾದರೂ ಗೂಡಿನ ಹೆಸರಾಗಿ ಇಡಬಹುದು. ಯಂತ್ರವು ಒಂದು ಸಾಲನ್ನು ಓದುತ್ತದೆ, ನಿಲುಗೆರೆಗಳ ಜಾಗದಲ್ಲಿ ತುಂಡು ಮಾಡುತ್ತದೆ, ಐದನೆಯ ತುಂಡಿನಲ್ಲಿರುವ ಊರಿನ ಹೆಸರನ್ನು ನೋಡುತ್ತದೆ. ಆ ಹೆಸರಿನ ಗೂಡು ಇದ್ದರೆ ಸಾಲನ್ನು ಅದರಲ್ಲಿ ಹಾಕುತ್ತದೆ. ಇಲ್ಲದಿದ್ದರೆ ಗೂಡನ್ನು ಆಗಲೇ ಮಾಡಿಕೊಳ್ಳುತ್ತದೆ. ಪಟ್ಟಿ ಮುಗಿದ ಮೇಲೆ ಗೂಡುಗಳನ್ನು ಒಂದೊಂದಾಗಿ ಬರಿದು ಮಾಡಿ ತೋರಿಸುತ್ತದೆ. 1901ರ ಗುಮಾಸ್ತನಿಗೆ ಎಷ್ಟು ಗೂಡು ಬೇಕೆಂದು ಮೊದಲೇ ಬಡಗಿಗೆ ಹೇಳಬೇಕಾಗಿತ್ತು. ಇಲ್ಲಿ ಅದೂ ಬೇಡ. ಒಂದು ಕೊರತೆಯಿದೆ. ಗೂಡುಗಳನ್ನು ಯಾವ ಕ್ರಮದಲ್ಲಿ ತೆರೆಯುತ್ತದೆಂಬುದಕ್ಕೆ ಖಾತರಿಯಿಲ್ಲ. ನನ್ನ ಊರುಗಳು ಅಕಾರಾದಿಯಲ್ಲಿ ಬಾರದೆ ಸಂತೆಯ ಜನರಂತೆ ಬಂದವು. ಅಕಾರಾದಿ ಬೇಕಾದರೆ ಬೇರೆ ಹೇಳಿ ಮಾಡಿಸಬೇಕು.

ಕರ್ನಿಗನ್ ಅವರು 2022ರಲ್ಲಿ, ತಮ್ಮ 80ನೆಯ ವಯಸ್ಸಿನಲ್ಲಿ, ಈ ಹಳೆಯ ಭಾಷೆಯು ಯೂನಿಕೋಡ್ ಅಕ್ಷರಗಳನ್ನು ಸರಿಯಾಗಿ ಗುರುತಿಸುವಂತೆ ತಾವೇ ಕುಳಿತು ತಿದ್ದಿದರೆಂದು ಮೊಮ್ಮಗಳು ಹೇಳಿದಾಗ ನನಗೆ ಬಹಳ ಸಂತೋಷವಾಯಿತು. ನಮ್ಮ ವಯಸ್ಸಿನವರು ಇನ್ನೂ ಕೆಲಸಕ್ಕೆ ಬರುತ್ತೇವೆಂಬುದು ಒಂದು ಕಾರಣ.

ಆರು ಸಾಲು ಒಂದು ಕ್ಷಣದಲ್ಲಿ ಓಡಿ ಮುಗಿಯಿತು. ಫಲಿತಾಂಶ ನೋಡಿದೆ. ನಾನು ನಂಬಿದ್ದಂತೆಯೇ ಇತ್ತು.

ಏನು ನಂಬಿದ್ದೆನೆಂದು ಹೇಳಬೇಕು. ಶಿಡ್ಲಘಟ್ಟ ತಾಲ್ಲೂಕಿನ ಒಂದು ಶಾಲೆಯಲ್ಲಿ ನಾನು ದೀರ್ಘಕಾಲ ಇದ್ದೆ. ಹೆಣ್ಣುಮಕ್ಕಳು ನಡುವಿನಲ್ಲಿ ಶಾಲೆ ಬಿಡುವುದಕ್ಕೆ ದೂರವೇ ಕಾರಣವೆಂದು ನಾನು ಪೋಷಕರ ಸಭೆಗಳಲ್ಲಿ ಹೇಳುತ್ತಿದ್ದೆ, ಶಿಕ್ಷಕರ ಸಭೆಗಳಲ್ಲಿ ಹೇಳುತ್ತಿದ್ದೆ, ಒಂದು ಸ್ಮರಣ ಸಂಚಿಕೆಗೆ ಲೇಖನವನ್ನೂ ಬರೆದಿದ್ದೆ. ಕೆರೆಯ ಆಚೆಯ ಊರಿನಿಂದ ನಡೆದು ಬರುತ್ತಿದ್ದ ಒಬ್ಬ ಜಾಣ ಹುಡುಗಿ ಆರನೆಯ ತರಗತಿಗೆ ಬಿಟ್ಟದ್ದು ನನ್ನ ಮನಸ್ಸಿನಲ್ಲಿ ನಾಟಿತ್ತು. ಬಸ್ಸು ಬೇಕೆಂದು ಅರ್ಜಿ ಬರೆದವನೂ ನಾನೇ. ಮೊದಲ ಓಟದಲ್ಲಿ ಯಾವ ಊರಿನ ಗೂಡೂ ವಿಶೇಷವಾಗಿ ಉಬ್ಬಿರಲಿಲ್ಲ. ಕೆರೆಯಾಚೆಯ ಊರಿನದು ತುಸು ದೊಡ್ಡದಾಗಿತ್ತು. ನೋಡಿದೆಯಾ ಎಂದು ಮೊಮ್ಮಗಳಿಗೆ ತೋರಿಸಿದೆ.

ಅವಳು ಸುಮ್ಮನಿರದೆ ಗೂಡುಗಳ ಹೆಸರುಗಳನ್ನಷ್ಟೇ ತೆಗೆದು ಓದತೊಡಗಿದಳು. "ತಾತ, ಈ ಊರು ಮೂರು ಸಲ ಯಾಕೆ ಬಂದಿದೆ?"

ನಮ್ಮ ಸೀಮೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ತೆಲುಗು ಮನೆಮಾತಿನವರು ಪಲ್ಲಿ ಎನ್ನುತ್ತಾರೆ, ಕನ್ನಡದವರು ಹಳ್ಳಿ ಎನ್ನುತ್ತೇವೆ. ಮಗುವನ್ನು ಸೇರಿಸಲು ಬಂದ ತಂದೆ ಹೇಗೆ ನುಡಿದರೆ ಹಾಗೆ ಬರೆದಿದ್ದೆ. ಶಾಲೆಯಿಂದ ಒಂದು ಮೈಲಿಯೂ ಇಲ್ಲದ ಆ ಊರು ಕೆಲವು ಸಾಲುಗಳಲ್ಲಿ ಪಲ್ಲಿಯಾಗಿತ್ತು, ಕೆಲವು ಸಾಲುಗಳಲ್ಲಿ ಹಳ್ಳಿಯಾಗಿತ್ತು. ಮೂರನೆಯದು ಇನ್ನೂ ವಿಚಿತ್ರ. ಕಣ್ಣಿಗೆ ಅದು ಎರಡನೆಯದರಂತೆಯೇ ಕಾಣುತ್ತಿತ್ತು, ಒಂದು ಕೊಂಬು ಒಂದು ಒತ್ತು ಹೆಚ್ಚುಕಡಿಮೆಯಿಲ್ಲ. ನಾನು ಮೊದಮೊದಲು ನುಡಿ ತಂತ್ರಾಂಶದಲ್ಲಿ, ಯೂನಿಕೋಡ್ ಅಲ್ಲದ ಹಳೆಯ ರೀತಿಯಲ್ಲಿ ಟೈಪು ಮಾಡಿದ್ದೆ. ಅದನ್ನು ಯೂನಿಕೋಡಿಗೆ ಪರಿವರ್ತಿಸುವಾಗ ಒತ್ತಕ್ಷರದ ಬಳಿ ಕಣ್ಣಿಗೆ ಕಾಣದ ಒಂದು ಗುರುತು ಸೇರಿಕೊಂಡಿತ್ತು. ಅಕ್ಷರಗಳನ್ನು ಹೇಗೆ ಕೂಡಿಸಿ ತೋರಿಸಬೇಕೆಂದು ಯಂತ್ರಕ್ಕೆ ಹೇಳುವ ಗುರುತದು, ಅಗಲವೇ ಇಲ್ಲದ್ದು. ನಮಗೆ ಕಾಣದಿದ್ದರೂ ಯಂತ್ರಕ್ಕೆ ಅದೂ ಒಂದು ಅಕ್ಷರವೇ. ಆದ್ದರಿಂದ ಅದು ಬೇರೆ ಊರು, ಬೇರೆ ಗೂಡು.

ರೈಸ್ ಅವರ ಸಂಪುಟದಲ್ಲಿಯೂ ಈ ಗೋಜು ಬೇರೆ ರೂಪದಲ್ಲಿದೆ. ಅವರ ಕಾಲದ ಇಂಗ್ಲಿಷ್ ಬರವಣಿಗೆಯಲ್ಲಿ ಗೌರಿಬಿದನೂರು ಗೋರಿಬಿದನೂರು ಆಗಿದೆ. ಇಂದಿನ ಹೆಸರು ಹಿಡಿದು ಹುಡುಕಿದರೆ ಸಿಗದು. ಗುಡಿಬಂಡೆಗೆ ಅಲ್ಲಿ ಪ್ರತ್ಯೇಕ ತಾಲ್ಲೂಕಿನ ಸ್ಥಾನವೇ ಇಲ್ಲ. 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆ ಬೇರೆಯಾದ ಮೇಲೆ "ಕೋಲಾರ ಜಿಲ್ಲೆಯ ಶಾಸನಗಳು" ಎಂಬ ಕಟ್ಟೇ ಎರಡಾಗಿ ಸೀಳಿತು. ಕಲ್ಲು ಅಲ್ಲಾಡುವುದಿಲ್ಲ, ಕೀಲಿಪದ ಅಲ್ಲಾಡುತ್ತದೆ.

ಒಂದೇ ಊರಿನ ಬೇರೆ ಬೇರೆ ರೂಪಗಳನ್ನು ಒಂದಕ್ಕೆ ತರಲು ಒಂದು ಸಣ್ಣ ಕೋಷ್ಟಕ ಮಾಡಬೇಕಾಯಿತು: ಎಡಗಡೆ ಬರೆದ ರೂಪ, ಬಲಗಡೆ ನಿಜವಾದ ಊರು. ಈ ಕೆಲಸವನ್ನು ಯಂತ್ರ ಮಾಡಲಾರದು. ಮಾಡಲು ಬಿಡಲೂ ಬಾರದು. ಹೊಸಹಳ್ಳಿ ಎಂಬ ಹೆಸರಿನ ಊರು ನಮ್ಮ ಕಡೆ ಒಂದಲ್ಲ, ಹಲವು. ಹೆಸರು ಒಂದೆಂದು ಸೇರಿಸಿಬಿಟ್ಟರೆ ಗೌರಿಬಿದನೂರಿನ ಮಗು ಚಿಂತಾಮಣಿಗೆ ಹೋಗಿ ಕೂರುತ್ತದೆ. ಅದಕ್ಕೆ ರೈಸ್ ಅವರಂತೆ ತಾಲ್ಲೂಕನ್ನು ಮೊದಲಿಟ್ಟು ಊರನ್ನು ಆಮೇಲಿಟ್ಟು ಜೋಡಿ ಕೀಲಿ ಮಾಡಿದೆವು. ಎರಡು ದಿನ ಹಿಡಿಯಿತು. ಹಬ್ಬದ ರಜೆ ಅದಕ್ಕೇ ಮುಗಿಯಿತೆಂದು ಅವಳ ಅಜ್ಜಿಗೆ ಇಂದಿಗೂ ಅಸಮಾಧಾನವಿದೆ.

ಮತ್ತೆ ಓಡಿಸಿದಾಗ ಆ ಹತ್ತಿರದ ಊರಿನ ಗೂಡು ತೆರೆದುಕೊಂಡಿತು. ಐದು, ಆರು, ಏಳನೆಯ ತರಗತಿಗಳಲ್ಲಿ ಬಿಟ್ಟ ಹೆಣ್ಣುಮಕ್ಕಳ ಸಾಲುಗಳು ಪರದೆಯ ಕೆಳಗೆ ಇಳಿದು ಹೋಗುತ್ತಲೇ ಇದ್ದವು. ಕೆರೆಯಾಚೆಯ ದೂರದ ಊರು ಅದರ ಮುಂದೆ ಏನೂ ಅಲ್ಲ. ನಡೆದು ಬರುತ್ತಿದ್ದ ಮಕ್ಕಳಲ್ಲಿ ಬಹುಪಾಲು ಏಳನೆಯ ತರಗತಿ ಮುಗಿಸಿಯೇ ಹೋಗಿದ್ದರು.

ಶಿಡ್ಲಘಟ್ಟವನ್ನು ಬಲ್ಲವರಿಗೆ ಮುಂದಿನದು ಊಹೆಗೆ ಬಂದಿರುತ್ತದೆ. ಹಿಪ್ಪುನೇರಳೆ ಬೆಳೆದು, ಹುಳು ಸಾಕಿ, ಚಂದ್ರಿಕೆಗೆ ಬಿಟ್ಟು, ಗೂಡು ಬಿಡಿಸಿ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ತರುವವರು ಹಳ್ಳಿಯ ರೈತರು. ಅದನ್ನು ಹರಾಜಿನಲ್ಲಿ ಕೊಂಡು ನೂಲು ಬಿಚ್ಚುವವರು ರೀಲರುಗಳು. ಗೂಡನ್ನು ಕುದಿಯುವ ನೀರಿನಲ್ಲಿ ಬೇಯಿಸಿ ಎಳೆಯ ತುದಿ ಹಿಡಿಯಬೇಕು. ತುದಿ ಹಿಡಿಯುವುದಕ್ಕೆ ಎಳೆಯ ಬೆರಳು ಒಳ್ಳೆಯದೆಂಬ ಮಾತು ಅಂದು ಎಲ್ಲರ ಬಾಯಲ್ಲೂ ಇತ್ತು. ಆ ಹತ್ತಿರದ ಊರಿನಲ್ಲಿ ಮನೆಗೆ ಒರಗಿದ ರೀಲಿಂಗ್ ಶೆಡ್ಡುಗಳಿದ್ದವು. ಬಾಲಕಾರ್ಮಿಕರ ಕಾಯಿದೆ ಬಂದದ್ದು 1986ರಲ್ಲಿ. ಕರ್ನಾಟಕವೂ ಸೇರಿದಂತೆ ಭಾರತದ ರೇಷ್ಮೆ ಉದ್ಯಮದಲ್ಲಿ ದುಡಿಯುವ ಮಕ್ಕಳ ಸ್ಥಿತಿಯನ್ನು ಕುರಿತು ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2003ರಲ್ಲಿ ವರದಿ ಪ್ರಕಟಿಸಿತು. ಇವೆರಡರ ನಡುವಿನ ವರ್ಷಗಳಲ್ಲಿಯೇ ನನ್ನ ಪುಸ್ತಕದ ಬಹುಪಾಲು ಸಾಲುಗಳಿವೆ.

ಮೊಮ್ಮಗಳು ಕೇಳದೆಯೇ ಕೀಲಿಪದ ಬದಲಿಸಿದಳು. ಆ ಊರಿನ ಸಾಲುಗಳನ್ನಷ್ಟೇ ತೆಗೆದುಕೊಂಡು ಕಾರಣದ ಪ್ರಕಾರ ಗುಂಪು ಮಾಡಿದಳು. "ಮನೆಗೆಲಸ" ಒಂದು ದೊಡ್ಡ ಗೂಡು. "ಅನಾರೋಗ್ಯ" ಇನ್ನೊಂದು. "ಮದುವೆ" ಕೆಲವು. "ಸತತ ಗೈರುಹಾಜರಿ, ಹೆಸರು ಕಡಿತ" ಹಲವು. ರೀಲಿಂಗ್ ಎಂಬ ಗೂಡು ಇರಲೇ ಇಲ್ಲ.

"ಅಲ್ಲಿ ಯಾರೂ ಕೆಲಸಕ್ಕೆ ಹೋಗ್ತಿರಲಿಲ್ವಾ ತಾತ?" ಎಂದು ಕೇಳಿದಳು.

ಹೋಗುತ್ತಿದ್ದರು. ಎಲ್ಲರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಬೆಳಿಗ್ಗೆ ಆ ದಾರಿಯಲ್ಲಿ ಸೈಕಲ್ಲಿನಲ್ಲಿ ಬರುವಾಗ ಬೆಂದ ಗೂಡಿನ ವಾಸನೆಯ ನಡುವೆ, ಹೋದ ವಾರದವರೆಗೆ ನನ್ನ ತರಗತಿಯಲ್ಲಿದ್ದ ಮಗು ಬಾಣಲೆಯ ಮುಂದೆ ಕುಳಿತಿರುವುದನ್ನು ಕಂಡಿದ್ದೇನೆ. ಬೆರಳುಗಳ ಚರ್ಮ ಬೆಳ್ಳಗೆ ನೆನೆದಿರುತ್ತಿತ್ತು. ಅವಳು ತಲೆ ತಗ್ಗಿಸುತ್ತಿದ್ದಳು, ನಾನು ಪೆಡಲು ಜೋರಾಗಿ ತುಳಿಯುತ್ತಿದ್ದೆ. ಆ ತಂದೆತಾಯಂದಿರು ಸಾಲದಲ್ಲಿ ಮುಳುಗಿದ್ದವರು. ಬರೆದರೆ ಅವರಿಗೆ ತೊಂದರೆ, ಶೆಡ್ಡಿನವರು ಶಾಲೆಯ ಕಟ್ಟಡಕ್ಕೆ ಹಣ ಕೊಟ್ಟವರು, ಮೇಲಿನವರು ಯಾಕೆ ಹೀಗೆಂದು ಕೇಳುತ್ತಾರೆ. ಇವೆಲ್ಲ ನಿಜವೇ. ಆದರೆ ಅದು ಯಾರೂ ಕೇಳದೆ, ಯಾರಿಗೂ ತೋರಿಸಬೇಕಾಗಿಲ್ಲದೆ, ನನಗಾಗಿ ನಾನೇ ಬರೆದುಕೊಂಡ ಪುಸ್ತಕ. ಅದರಲ್ಲಿಯೂ ನಾನು "ಮನೆಗೆಲಸ" ಎಂದೇ ಬರೆದಿದ್ದೆ. ಹಾಗೆ ಬರೆದವನು ಸಭೆಗಳಲ್ಲಿ ದೂರದ ವಿಷಯ ಮಾತನಾಡಿದ್ದರಲ್ಲಿ ಆಶ್ಚರ್ಯವಿಲ್ಲ. ಸಾಲಿನಲ್ಲಿ ಇಲ್ಲದ ಪದದ ಮೇಲೆ ಯಾವ ಯಂತ್ರವೂ ಗುಂಪು ಮಾಡಲಾರದು. ಅವಳಿಗೆ ಇಷ್ಟನ್ನೂ ಹೇಳಿದೆ. ಅವಳು ಏನೂ ಅನ್ನಲಿಲ್ಲ, ಎದ್ದು ಹೋಗಿ ಕಾಫಿ ಮಾಡಿಕೊಂಡು ಬಂದಳು.

ಈಗ ಕರ್ನಾಟಕದ ಶಾಲೆಗಳಲ್ಲಿ ಪ್ರತಿ ಮಗುವಿಗೂ ಎಸ್‌ಎಟಿಎಸ್ ಸಂಖ್ಯೆಯಿದೆ. ಪಲ್ಲಿ ಹಳ್ಳಿಗಳ ಗೊಂದಲಕ್ಕೆ ಅವಕಾಶ ಕಡಿಮೆ. ನನ್ನ ಸಾಲುಗಳಿಗೆ ಆ ಭಾಗ್ಯವಿರಲಿಲ್ಲ.

ಆ ಹುಡುಗಿಯರ ಹೆಸರುಗಳನ್ನು ಇಲ್ಲಿ ಹಾಕುವುದಿಲ್ಲ. ಅವರು ಈಗ ಅಜ್ಜಿಯರಾಗುವ ವಯಸ್ಸಿನವರು. ಕೆಲವರ ಮಕ್ಕಳು ಈ ಬರಹವನ್ನು ಓದುತ್ತಿರಲೂಬಹುದು. ಅವರಲ್ಲಿ ಇಬ್ಬರು ಎಲ್ಲಿದ್ದಾರೆಂದು ನನಗೆ ಗೊತ್ತು. ಒಬ್ಬಳು ಕಳೆದ ತಿಂಗಳು ಚಿಕ್ಕಬಳ್ಳಾಪುರದ ಬಸ್ ನಿಲ್ದಾಣದಲ್ಲಿ ಸಿಕ್ಕಿ, "ಮೇಷ್ಟ್ರೇ, ಚೆನ್ನಾಗಿದೀರಾ" ಎಂದು ಕಾಲಿಗೆ ನಮಸ್ಕರಿಸಿದಳು. ಯಾವ ತಿಂಗಳು ಬಿಟ್ಟೆ, ಯಾಕೆ ಬಿಟ್ಟೆ ಎಂದು ಕೇಳಿದೆ. ತಿಂಗಳು ನೆನಪಿಲ್ಲವೆಂದಳು. ಕಾರಣವನ್ನು ಹೇಳಿದಳು; ಮುಂಗಡ ಎಷ್ಟೆಂಬುದನ್ನೂ ರೂಪಾಯಿ ಸಮೇತ ಹೇಳಿದಳು. ಮನೆಗೆ ಬಂದು ಹಳೆಯ ಪುಸ್ತಕದಲ್ಲಿ ಅವಳ ಸಾಲನ್ನು ಹುಡುಕಿ, "ಅನಾರೋಗ್ಯ" ಎಂಬುದನ್ನು ಹೊಡೆದುಹಾಕದೆ, ಅದರ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಅವಳು ಹೇಳಿದ್ದನ್ನು ಬರೆದೆ.

ಮೊಮ್ಮಗಳು ಪಟ್ಟಿಯಲ್ಲಿ ಒಂದು ನಿಲುಗೆರೆ ಹೆಚ್ಚಿಗೆ ಹಾಕಿ, ಎಲ್ಲ ಸಾಲುಗಳ ಕೊನೆಯಲ್ಲಿ ಒಂಬತ್ತನೆಯ ಅಂಕಣವನ್ನು ಖಾಲಿ ಬಿಟ್ಟುಕೊಟ್ಟಿದ್ದಾಳೆ. ಸದ್ಯಕ್ಕೆ ಅದರಲ್ಲಿ ಒಂದೇ ಸಾಲು ತುಂಬಿದೆ. ಆ ಕಾಲದಲ್ಲಿ ಆ ಶಾಲೆಯಲ್ಲಿದ್ದು ಇದನ್ನು ಓದುತ್ತಿರುವವರು, ನಿಮ್ಮ ಅಕ್ಕನೋ ಚಿಕ್ಕಮ್ಮನೋ ಪಕ್ಕದ ಮನೆಯವಳೋ ಯಾಕೆ ಬಿಟ್ಟಳೆಂದು ಬಲ್ಲವರಾದರೆ, ಅವಳನ್ನೇ ಕೇಳಿ, ಅವಳು ಒಪ್ಪಿದರೆ ಮಾತ್ರ, ನನಗೆ ತಿಳಿಸಿರಿ. ಸಂಜೆಯ ಹೊತ್ತು ಮನೆಯಲ್ಲಿಯೇ ಇರುತ್ತೇನೆ.